ಲಕ್ವಾ ಆದವರನ್ನು ಬೇಗ ಮನೆಗೆ ಕರೆತರುವ ಮುಂಚೆ ಇದನ್ನು ಓದಿ

ಅಪ್ಪನಿಗೆ ಲಕ್ವಾ ಹೊಡೆದ ಆರನೇ ದಿನಕ್ಕೇ ಅವರನ್ನು ಮನೆಗೆ ಕರೆದುಕೊಂಡು ಬಂದೆವು. "ಬಿಪಿ ಹಿಡಿತಕ್ಕೆ ಬಂದಿದೆ, ಇನ್ನು ಬೇಕಿರೋದು ಫಿಜಿಯೋ ಮಾತ್ರ. ಮನೆಗೇ ಹುಡುಗನನ್ನು ಕಳಿಸ್ತೀವಿ" ಎಂದರು ಬಾಗಲಕೋಟೆಯ ಆಸ್ಪತ್ರೆಯವರು. ಬಿಲ್ಲು ದಿನಾ ಏರುತ್ತಿತ್ತು. ಅವ್ವ ಸರಿಯಾಗಿ ಊಟ ಮಾಡಿ ನಾಲ್ಕು ದಿನ ಆಗಿತ್ತು. ಸಹಿ ಹಾಕಿ, ಗಾಡಿ ಮಾಡಿಕೊಂಡು ಇಳಕಲ್ಲಿನ ದಾರಿ ಹಿಡಿದೆವು.

ಹುಡುಗ ಬಂದಿದ್ದು ಹನ್ನೊಂದು ದಿನದ ಮೇಲೆ. ಎರಡು ಸಲ ಬಂದ. ಆಮೇಲೆ ಫೋನೇ ಎತ್ತಲಿಲ್ಲ.

ಅಷ್ಟರಲ್ಲಿ ಅಪ್ಪನ ಭುಜವನ್ನು ನಾವೇ ಕೆಡಿಸಿದ್ದೆವು. ಮಂಚದಿಂದ ಎಬ್ಬಿಸುವಾಗ ನಾನು ಲಕ್ವಾ ಹೊಡೆದ ಬಲಗೈ ಹಿಡಿದು ಜಗ್ಗುತ್ತಿದ್ದೆ, ತಮ್ಮ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದ. ಎಲ್ಲರೂ ಹಾಗೇ ಅಲ್ವಾ ಎತ್ತೋದು? ಆದರೆ ಲಕ್ವಾ ಆದ ಕಡೆ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಕೈಯ ಭಾರಕ್ಕೇ ಕೀಲು ಕೆಳಗೆ ಇಳಿಯುತ್ತದೆ, ಜಗ್ಗಿದರಂತೂ ಕೇಳುವುದೇ ಬೇಡ. ಒಂದು ದಿನ ಅಂಗಿ ತೊಡಿಸುವಾಗ ನೋಡಿದೆ. ಭುಜದ ಎಲುಬಿನ ಕೆಳಗೆ ನನ್ನ ಬೆರಳು ಕೂರುವಷ್ಟು ತಗ್ಗು. ಅಪ್ಪನಿಗೆ ಮಾತು ನಿಂತುಹೋಗಿತ್ತು. ಎಡಗೈಯಿಂದ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡರು, ಅಷ್ಟೇ. ನಲವತ್ತು ವರ್ಷ ಮಗ್ಗದಲ್ಲಿ ಲಾಳಿ ಓಡಿಸಿದ ಬಲಗೈ ಅದು.

ಅವ್ವ ಮಲಗಿಸಿಕೊಂಡೇ ಚಮಚದಲ್ಲಿ ಅಂಬಲಿ ಕುಡಿಸುತ್ತಿದ್ದಳು. ಕೆಮ್ಮಿದರೆ "ನೆತ್ತಿಗೇರಿತು" ಅಂತ ತಲೆ ತಟ್ಟುವಳು. ಅದು ಹೋಗುತ್ತಿದ್ದದ್ದು ಶ್ವಾಸಕೋಶಕ್ಕೆ. ನ್ಯುಮೋನಿಯಾ ಆಗಿ ಮತ್ತೆ ಒಂಬತ್ತು ದಿನ ಆಸ್ಪತ್ರೆ. ಉಳಿಸಿದ ದುಡ್ಡಿಗಿಂತ ಜಾಸ್ತಿ ಹೋಯಿತು. ಲಕ್ವಾ ಆದವರಿಗೆ ನುಂಗಲು ಬರುತ್ತದೋ ಇಲ್ಲವೋ ಪರೀಕ್ಷೆ ಮಾಡದೆ ಬಾಯಿಗೆ ನೀರೂ ಹಾಕಬಾರದಂತೆ. ಮೊದಲ ಆಸ್ಪತ್ರೆಯಲ್ಲಿ ಈ ಮಾತನ್ನು ಯಾರೂ ಎತ್ತಿರಲಿಲ್ಲ.

ಬೇಗ ಮನೆಗೆ ಬರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬ್ರಿಟನ್ನಿನಂಥ ಕಡೆ ಹೀಗೆ ಬೇಗ ಕಳಿಸುವ ಪದ್ಧತಿ ಇದೆ, ಅದರಿಂದ ರೋಗಿಗಳಿಗೆ ಒಳ್ಳೆಯದೂ ಆಗಿದೆ. ಆದರೆ ಅಲ್ಲಿ ಫಿಜಿಯೋ, ಮಾತು ಮತ್ತು ನುಂಗುವಿಕೆ ನೋಡುವವರು, ನರ್ಸು, ಎಲ್ಲರೂ ಒಂದೇ ತಂಡವಾಗಿ ಮನೆಗೆ ಬರುತ್ತಾರೆ. ಅದೂ ತೊಂದರೆ ಅಷ್ಟೇನೂ ಜೋರಿಲ್ಲದವರಿಗೆ, ಒಬ್ಬರ ಆಸರೆಯಲ್ಲಿ ಮಂಚದಿಂದ ಕುರ್ಚಿಗೆ ಬರಬಲ್ಲವರಿಗೆ. ನಮ್ಮಪ್ಪನನ್ನು ಎತ್ತಲು ಇಬ್ಬರು ಬೇಕಿತ್ತು. ಮನೆಯವರೇ ಕಲಿತು ವ್ಯಾಯಾಮ ಮಾಡಿಸಿದರೆ ಸಾಕಾಗುತ್ತದಾ ಅಂತ ನಮ್ಮ ದೇಶದಲ್ಲೇ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ನೋಡಿದ್ದಾರೆ. 2017ರಲ್ಲಿ ಫಲಿತಾಂಶ ಬಂತು. ತರಬೇತಿ ಕೊಟ್ಟರೂ ಆರು ತಿಂಗಳಿಗೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ನಮಗೆ ಆ ತರಬೇತಿಯೂ ಇರಲಿಲ್ಲ.

ಅಪ್ಪ ಈಗ ಗೋಡೆ ಹಿಡಿದು ಬಚ್ಚಲವರೆಗೆ ಹೋಗುತ್ತಾರೆ. ಭುಜದ ನೋವು ಮಾತ್ರ ಹೋಗಿಲ್ಲ. ಕೂತಾಗೆಲ್ಲ ಆ ಕೈ ಕೆಳಗೆ ದಿಂಬು ಇಡುತ್ತೇವೆ.

ನಿಮ್ಮವರು ಈಗ ಆಸ್ಪತ್ರೆಯಲ್ಲಿದ್ದು ಡಿಸ್ಚಾರ್ಜ್ ಮಾತು ನಡೆದಿದ್ದರೆ, ಸಹಿ ಹಾಕಬೇಡಿ, ತಡೆಯಿರಿ. ಯಾರು ಬರುತ್ತಾರೆ, ವಾರಕ್ಕೆ ಎಷ್ಟು ಸಲ, ಅವರ ನಂಬರ್ ಏನು, ಬರೆಸಿಕೊಳ್ಳಿ. ಆ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿ. ನುಂಗುವುದನ್ನು ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ. ಎತ್ತುವುದು, ಹೊರಳಿಸುವುದು, ಕೂರಿಸುವುದನ್ನು ಅವರು ತೋರಿಸಿದರೆ ಸಾಲದು. ನೀವು ಎತ್ತಿ, ಅವರು ನೋಡಲಿ.