ಬೋನ್ಸಾಯ್‌ಗೆ ಕಾಗದದ ಹೂವೋ, ಕೇಪಳವೋ?

ಬೋನ್ಸಾಯ್ ಅಂದರೆ ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಮರ. ಅದಕ್ಕೆ ಕಾರವಾರದಲ್ಲಿ ತಾರಸಿ ಇದ್ದವರಿಗೆ ನಾನು ಕಾಗದದ ಹೂವನ್ನೇ (ಬೋಗನ್‌ವಿಲ್ಲಾ) ಹೇಳುತ್ತೇನೆ. ಉಪ್ಪುಗಾಳಿಗೆ ಜಗ್ಗುವುದಿಲ್ಲ, ಬಿಸಿಲೆಂದರೆ ಪ್ರಾಣ. ದಿನಕ್ಕೆ 5-6 ತಾಸು ನೇರ ಬಿಸಿಲು ಬೇಕೇ ಬೇಕು. ಮಣ್ಣಿನ ಮೇಲ್ಪದರ ಒಣಗಿದ ಮೇಲೆ ನೀರು ಕೊಡಿ. ಪಾಪ ಅಂತ ದಿನಾ ಸುರಿದರೆ ಬರೀ ಎಲೆ ಬರುತ್ತದೆ. ನನ್ನದೊಂದು ಗಿಡ ಇಡೀ ವರ್ಷ ಹಾಗೇ ಹಸಿರಾಗಿ ನಿಂತಿತ್ತು, ತಪ್ಪು ನನ್ನದೇ.

ಇದು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಬಣ್ಣ ಉದುರಿದ ಕೂಡಲೇ ಪ್ರತಿ ಕೊಂಬೆಯನ್ನೂ 2-3 ಎಲೆ ಉಳಿಸಿ ಕತ್ತರಿಸಿ. ಬಣ್ಣದ್ದು ಹೂವಲ್ಲ, ಎಲೆಯೇ. ನಡುವೆ ಇಣುಕುವ ಬಿಳಿ ಕೊಳವೆಯೇ ಅಸಲಿ ಹೂ. ದಪ್ಪ ಕೊಂಬೆ ಕಡಿದ ಗಾಯ ಮಳೆಗಾಲದಲ್ಲಿ ಕೊಳೆಯುತ್ತದೆ. ದೊಡ್ಡ ಕತ್ತರಿ ಕೆಲಸ ಮಳೆ ನಿಂತ ಮೇಲಿರಲಿ, ಜೂನ್‌ನಿಂದ ಕುಂಡ ಸೂರಿನಡಿ ಹೋಗಲಿ. ಮುಳ್ಳಿದೆ, ಕೈಗವಸು ಮರೆಯಬೇಡಿ.

ಶಿರಸಿಯಲ್ಲಿ ಅಂಗಳದ ಸುತ್ತ ಅಡಿಕೆ ಮರದ ನೆರಳು ಜಾಸ್ತಿ, ಅಲ್ವಾ? ಅಲ್ಲಿಗೆ ಕೇಪಳ (ಇಕ್ಸೋರಾ) ಸರಿ. ಅರ್ಧ ದಿನದ ಬಿಸಿಲು ಸಾಕು, ತೇವ ಇಷ್ಟ, ನಮ್ಮ ಹುಳಿ ಮಣ್ಣಿಗೂ ಒಗ್ಗುತ್ತದೆ. ಗಡಸು ನೀರು ಹಾಕಿದರೆ ಮಾತ್ರ ನರ ಹಸಿರಾಗೇ ಉಳಿದು ಎಲೆ ಹಳದಿಯಾಗುತ್ತದೆ. ಹೂಗೊಂಚಲು ಕೊಂಬೆಯ ತುದಿಯಲ್ಲಿ ಬರುವುದರಿಂದ ಸುಮ್ನೆ ಕುಡಿ ಚಿವುಟುತ್ತಾ ಕೂರಬೇಡಿ. ಗೊಂಚಲು ಬಾಡಿದ ಮೇಲೆ ಒಂದು ಸಲ ಕತ್ತರಿಸಿ, ಬಿಟ್ಟುಬಿಡಿ. ಬುಡ ದಪ್ಪವಾಗಲು ವರ್ಷಗಟ್ಟಲೆ ಬೇಕು. ಆತುರ ಇದ್ದವರು ಕಾಗದದ ಹೂವಿನ ಹಳೇ ಬುಡ ಹುಡುಕಿ.