ತಾಲ್ಲೂಕು ಕಾನೂನು ಸೇವಾ ಸಮಿತಿ: ಉಚಿತ ವಕೀಲರ ಸೇವೆ ಹೇಗಿದೆ?

ಫೀಸಿಗೆ ದುಡ್ಡಿಲ್ಲವೆಂದು ಕೇಸು ಕೈಬಿಡುವ ಮೊದಲು ಕೋರ್ಟ್ ಆವರಣದಲ್ಲೇ ಇರುವ ಈ ಸಮಿತಿಗೆ ಹೋಗಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆದೀತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯೇ ಇಲ್ಲ. ಇದು ತಿಳಿಯದೆ ಎಷ್ಟೋ ಹೆಣ್ಣುಮಕ್ಕಳು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದು ಅಪೀಲಿನ ಗಡುವು ಕಳೆದುಕೊಳ್ಳುತ್ತಾರೆ, ಬೇಸರದ ಸಂಗತಿ.

ಅರ್ಜಿಯೊಂದಿಗೆ ಆಧಾರ್, ಅರ್ಹತೆಯ ದಾಖಲೆ, ಸಮನ್ಸ್ ಅಥವಾ ನೋಟಿಸಿನ ಜೆರಾಕ್ಸ್ ಕೊಟ್ಟು ಸ್ವೀಕೃತಿ ಪಡೆಯಿರಿ. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ಟೈಪಿಂಗ್ ಖರ್ಚು ನಿಮ್ಮದಲ್ಲ. ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.

ಕೊರತೆಯೆಂದರೆ, ನೇಮಕಗೊಂಡ ವಕೀಲರ ಗೌರವಧನ ಕಡಿಮೆ; ಹಾಗಾಗಿ ಎಲ್ಲರ ಆಸಕ್ತಿ ಒಂದೇ ಸಮ ಇರುವುದಿಲ್ಲ. ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಿಕೊಳ್ಳಿ. ವಕೀಲರು ಪದೇ ಪದೇ ಗೈರಾದರೆ ಕಾರಣ ಬರೆದು ಬದಲಾವಣೆ ಕೇಳಬಹುದು.