ಹೋಂಡಾ ಎಚ್‌ಆರ್‌ಎಕ್ಸ್ 217: ಐದು ಚಳಿಗಾಲ ಕಂಡ ಲಾನ್ ಮೂವರ್

2020ರ ವಸಂತದಲ್ಲಿ ತೆಗೆದುಕೊಂಡ ಮೆಷಿನ್ ಇದು. ನಾವಿರೋದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಏಪ್ರಿಲ್ ಕೊನೆಗೆ ಹುಲ್ಲು ಹೊಡೆಯೋಕೆ ಶುರು ಮಾಡಿದರೆ ಅಕ್ಟೋಬರ್ ಕೊನೆವರೆಗೂ ಹೆಚ್ಚು ಕಡಿಮೆ ಪ್ರತಿ ವಾರ ಅದೇ ಕೆಲಸ. ಆಮೇಲೆ ಐದಾರು ತಿಂಗಳು ಮೆಷಿನ್ ಗ್ಯಾರೇಜಿನಲ್ಲಿ ಸುಮ್ನೆ ನಿಂತಿರುತ್ತದೆ. ಹಾಳಾಗೋದು ಆ ಸುಮ್ನೆ ನಿಂತ ತಿಂಗಳುಗಳಲ್ಲೇ.

ಹುಲ್ಲು ಹೊಡೆಯೋದರಲ್ಲಿ ನನಗೆ ಪೂರ್ತಿ ಸಮಾಧಾನ ಇದೆ. ಜೋಡಿ ಬ್ಲೇಡ್ ಇರೋದರಿಂದ ಹುಲ್ಲಷ್ಟೇ ಅಲ್ಲ, ಉದುರಿದ ಮೇಪಲ್ ಎಲೆಯೂ ಪುಡಿಯಾಗುತ್ತದೆ. ಬ್ಲೇಡ್ ಮುಚ್ಚಿಕೊಂಡಿರೋ ಮೇಲಿನ ಕವಚ, ಅಂದರೆ ಡೆಕ್, ಪ್ಲಾಸ್ಟಿಕ್ ಜಾತಿಯದು, ತುಕ್ಕು ಹಿಡಿಯೋ ಮಾತೇ ಇಲ್ಲ. ಭಾರ ಸ್ವಲ್ಪ ಜಾಸ್ತಿ, ಆದರೆ ತಾನೇ ಮುಂದಕ್ಕೆ ಹೋಗುತ್ತದಲ್ಲ, ಗೊತ್ತಾಗಲ್ಲ.

ಮೊದಲ ಚಳಿಗಾಲದಲ್ಲಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಮುಚ್ಚಿಟ್ಟಿದ್ದೆ. ಏಪ್ರಿಲ್‌ನಲ್ಲಿ ಸ್ಟಾರ್ಟ್ ಮಾಡೋ ಹಗ್ಗ ಎಳೆದು ಎಳೆದು ಭುಜ ನೋವು ಬಂತೇ ಹೊರತು ಎಂಜಿನ್ ಹತ್ತಲಿಲ್ಲ. ರಿಪೇರಿಗೆ ಕೊಟ್ಟರೆ ಮೂರು ವಾರ ಕಾಯಬೇಕಾಯಿತು, ಯಾಕೆಂದರೆ ಎಲ್ಲರೂ ತರೋದು ಆಗಲೇ. ಮೆಕ್ಯಾನಿಕ್ ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸೋ ಭಾಗ, ಬಿಚ್ಚಿ ತೋರಿಸಿದ. ಅದರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಅಂಟು. ಪೆಟ್ರೋಲ್ ಹೋಗೋ ಜೆಟ್ ಅಂದರೆ ಸೂಜಿಮೊನೆಯಷ್ಟು ತೂತು, ಅದು ಪೂರಾ ಕಟ್ಟಿಹೋಗಿತ್ತು. ಇಲ್ಲಿನ ಪೆಟ್ರೋಲಿಗೆ ಸಾಮಾನ್ಯವಾಗಿ 10 ಶೇಕಡಾವರೆಗೆ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ಗಾಳಿಯಲ್ಲಿರೋ ತೇವ ಎಳೆದುಕೊಳ್ಳುತ್ತದೆ, ಪೆಟ್ರೋಲ್ ಆರುತ್ತಾ ಅಂಟಾಗುತ್ತದೆ.

ಈಗ ನವೆಂಬರ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಇದಕ್ಕೇ ಮೀಸಲು. ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಲ್ಲಿ ಕ್ಯಾನಿಗೆ ತೆಗೆದು, ಉಳಿದ ಸ್ವಲ್ಪದಲ್ಲಿ ಎಂಜಿನ್ ತಾನಾಗಿ ನಿಲ್ಲೋವರೆಗೂ ಓಡಿಸುತ್ತೇನೆ. ಅಷ್ಟಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಎಂಜಿನ್ ನಿಂತ ಮೇಲೆ ಕಾರ್ಬುರೇಟರ್ ಕೆಳಗಿನ ಬೋಲ್ಟ್ ಸಡಿಲಿಸಿದರೆ ಇನ್ನೂ ಒಂದು ಚಮಚದಷ್ಟು ಪೆಟ್ರೋಲ್ ತೊಟ್ಟಿಕ್ಕುತ್ತದೆ. ಅಂಟಾಗೋದು ಆ ಒಂದು ಚಮಚವೇ.

ಎಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಬದಲಿಸಿದರೆ ಕೊಳೆಯೂ ಜೊತೆಗೆ ಇಳಿಯುತ್ತದೆ. ಹಿಡಿಸೋದು ಅರ್ಧ ಲೀಟರಿಗೂ ಕಡಿಮೆ. ಹಳೆ ಆಯಿಲ್ ಸುರಿಯೋಕೆ ಮೆಷಿನ್ ವಾಲಿಸುವಾಗ ಏರ್ ಫಿಲ್ಟರ್ ಇರೋ ಬದಿ ಮೇಲಿರಲಿ, ಇಲ್ಲಾಂದ್ರೆ ಫಿಲ್ಟರೆಲ್ಲ ಆಯಿಲ್ ಆಗುತ್ತದೆ. ಬ್ಲೇಡಿಗೆ ಕೈ ಹಾಕೋ ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತಿಡಿ, ಇದನ್ನು ಮಾತ್ರ ಮರೆಯಲೇಬೇಡಿ.

ಒಂದು ವರ್ಷ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದರು. ನಾನು ಡೆಕ್ ಕೆಳಗಿನ ಒಣ ಹುಲ್ಲು ಕೆರೆಯೋದನ್ನು ನೋಡಿ, "ಮಳೆಗಾಲಕ್ಕೆ ಕತ್ತಿಗೆ ಎಣ್ಣೆ ಸವರಿ ಇಡಲ್ವೇನೋ? ಇದಕ್ಕೂ ಸವರು" ಅಂದರು. ಆವತ್ತಿನಿಂದ ಬ್ಲೇಡ್ ಮಸೆದು ಬಟ್ಟೆಯಲ್ಲಿ ತೆಳ್ಳಗೆ ಆಯಿಲ್ ಒರೆಸುತ್ತೇನೆ, ತುಕ್ಕು ಬಂದಿಲ್ಲ. ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನೊಳಗೆ ಒಂದು ಚಮಚ ಆಯಿಲ್ ಹಾಕಿ, ಹಗ್ಗ ಎರಡು ಸಲ ನಿಧಾನಕ್ಕೆ ಎಳೆದು ಪ್ಲಗ್ ಮತ್ತೆ ಕೂರಿಸುತ್ತೇನೆ. ಕೈಕೊಟ್ಟ ಆ ಮೊದಲ ಏಪ್ರಿಲ್ ಆದಮೇಲಿನ ನಾಲ್ಕು ಏಪ್ರಿಲ್‌ನಲ್ಲೂ ಮೂರನೇ ಎಳೆತದೊಳಗೆ ಎಂಜಿನ್ ಹತ್ತಿದೆ.

ಹೋಂಡಾದವರು 2023ರಲ್ಲಿ ಇಲ್ಲಿ ಪೆಟ್ರೋಲ್ ಲಾನ್ ಮೂವರ್ ಮಾಡೋದನ್ನು ನಿಲ್ಲಿಸಿದರು, ಹಾಗಾಗಿ ಈಗ ಹುಡುಕೋರಿಗೆ ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಸಿಗೋದು. ಎಷ್ಟು ವರ್ಷ ಹಳೆಯದು ಅಂತ ಆಮೇಲೆ ಕೇಳಿ. ಚಳಿಗಾಲದಲ್ಲಿ ಪೆಟ್ರೋಲ್ ಏನು ಮಾಡುತ್ತಿದ್ದಿರಿ ಅಂತ ಮೊದಲು ಕೇಳಿ, ಮತ್ತೆ ತಣ್ಣಗಿರೋ ಎಂಜಿನನ್ನು ನೀವೇ ಹಗ್ಗ ಎಳೆದು ನೋಡಿ.